ವಿಮಾನದ ಡಯೋರಾಮಾ, ಕೈಯಲ್ಲಿ ತಿದ್ದಿದ ಗೊಂಬೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಮಾದರಿ ವಿಮಾನದ ಕಿಟ್ ಜೋಡಿಸುವುದು ಬರುತ್ತದೆ, ಆದರೆ ಅದರ ಸುತ್ತ ನೆಲ, ಹುಲ್ಲು, ಮನುಷ್ಯರು ಎಂದರೆ ಕೈ ಹಿಂಜರಿಯುತ್ತದೆ ಎನ್ನುವವರು ಕೇಳುವ ಪ್ರಶ್ನೆಗಳಿವು. ಕಿಟ್ ಜೋಡಣೆಯ ಮೊದಲ ಪಾಠಗಳು ಇಲ್ಲಿಲ್ಲ. ಗೊಂಬೆಗಳಿಗೆ ಹೆಚ್ಚು ಜಾಗ ಹೋಗಿದೆ. ಪ್ರಶ್ನೆಗಳೂ ಅಲ್ಲಿಯೇ ಹೆಚ್ಚು, ನಾನು ಮಾಡಿದ ತಪ್ಪುಗಳೂ ಅಲ್ಲಿಯೇ ಹೆಚ್ಚು.

ಹುಲ್ಲು ಅಂಟಿಸಿದ ಹಲಗೆಯ ಮೇಲೆ ವಿಮಾನ ಇಟ್ಟರೆ ಅದು ಡಯೋರಾಮಾ ಅಲ್ಲವೇ?

ಅಲ್ಲ, ಅದು ಚೆಂದದ ಪೀಠ. ಡಯೋರಾಮಾದಲ್ಲಿ ಏನೋ ನಡೆಯುತ್ತಿರಬೇಕು, ಅಥವಾ ಈಗಷ್ಟೇ ನಡೆದು ಮುಗಿದಿರಬೇಕು. ಹೆಸರು ಬಂದದ್ದು 1822ರಲ್ಲಿ ಲೂಯಿ ಡಗೇರ್ ಮತ್ತು ಶಾರ್ಲ್ ಬೂಟೋನ್ ಪ್ಯಾರಿಸ್‌ನಲ್ಲಿ ತೆರೆದ ಪ್ರದರ್ಶನದಿಂದ. ಅಲ್ಲಿ ಗೊಂಬೆಗಳಿರಲಿಲ್ಲ. ದೊಡ್ಡ ಪರದೆಯ ಮೇಲೆ ಬರೆದ ಚಿತ್ರಕ್ಕೆ ಬೀಳುವ ಬೆಳಕನ್ನು ಮುಂದಿನಿಂದ, ಹಿಂದಿನಿಂದ ಬದಲಿಸುತ್ತಾ ಹೊತ್ತು ಸರಿಯುವುದನ್ನು ತೋರಿಸುತ್ತಿದ್ದರು. ಈಗಿನ ಡಯೋರಾಮಾಕ್ಕೂ ಅದಕ್ಕೂ ರೂಪದಲ್ಲಿ ನಂಟು ಕಡಿಮೆ. ಆದರೂ ಎರಡರಲ್ಲೂ ನೋಡುವವನಿಗೆ ಸಿಗುವುದು ಒಂದು ಹೊತ್ತು. ಬೆಳಗಿನ ಆರು ಗಂಟೆಯೋ, ಮಳೆ ನಿಂತ ಮೇಲಿನ ಅರ್ಧ ಗಂಟೆಯೋ, ಯಾವುದೆಂದು ನಿಮಗೆ ಗೊತ್ತಿರಬೇಕು.

ಯಾವ ಸ್ಕೇಲ್‌ನಲ್ಲಿ ಶುರು ಮಾಡಲಿ?

ಗೊಂಬೆಯನ್ನು ನೀವೇ ತಿದ್ದುವುದಾದರೆ 1/48. ಲೆಕ್ಕ ನೋಡಿ. 1.75 ಮೀಟರ್ ಎತ್ತರದ ಮನುಷ್ಯ 1/72ರಲ್ಲಿ 24 ಮಿ.ಮೀ., 1/48ರಲ್ಲಿ 36 ಮಿ.ಮೀ.ಗಿಂತ ತುಸು ಹೆಚ್ಚು, 1/32ರಲ್ಲಿ 55 ಮಿ.ಮೀ. ಆಗುತ್ತಾನೆ. ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್ ಇರುವ ಸ್ಪಿಟ್‌ಫೈರ್ ಎಂಬ ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ಯುದ್ಧವಿಮಾನ ಅದೇ ಕ್ರಮದಲ್ಲಿ 15.6, 23.4 ಮತ್ತು 35 ಸೆಂ.ಮೀ. ಆಗುತ್ತದೆ. 1/32ರಲ್ಲಿ ಮುಖ ತಿದ್ದುವುದು ಸುಲಭ, ಆದರೆ ಮೇಜಿನ ತುಂಬ ವಿಮಾನವೇ ಆಗಿ ನೆಲಕ್ಕೆ ಜಾಗ ಉಳಿಯುವುದಿಲ್ಲ. 1/72ರಲ್ಲಿ ನೆಲ ಧಾರಾಳ, ಆದರೆ ಮೂಗು ತಿದ್ದಲು ಹೋದರೆ ಕೆನ್ನೆಯೂ ಜೊತೆಗೆ ಬರುತ್ತದೆ.

ಈ ವಿಚಿತ್ರ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಕೇಳುವವರೂ ಇದ್ದಾರೆ. ಅಡಿ-ಅಂಗುಲದ ಲೆಕ್ಕದಲ್ಲಿ ನೋಡಿದರೆ ವಿಚಿತ್ರವೇನಿಲ್ಲ. 1/72 ಎಂದರೆ ಆರು ಅಡಿಗೆ ಒಂದು ಅಂಗುಲ. 1/48 ಎಂದರೆ ಒಂದು ಅಡಿಗೆ ಕಾಲು ಅಂಗುಲ.

ಎಂಥ ದೃಶ್ಯ ಆರಿಸಲಿ? ಯುದ್ಧ, ಸ್ಫೋಟ, ಬೆಂಕಿ ಬೇಕೇ?

ಬೇಡ. ಬೆಂಕಿಯನ್ನು ಹತ್ತಿಯಲ್ಲಿ ಮಾಡಿದರೆ ಅದು ಬಣ್ಣ ಹಚ್ಚಿದ ಹತ್ತಿಯಂತೆಯೇ ಕಾಣುತ್ತದೆ. ವಿಮಾನ ನಿಂತಿರುವ ದೃಶ್ಯ ಆರಿಸಿ, ಅದರ ಬಳಿ ಒಬ್ಬನಿಗೆ ಒಂದು ಕೆಲಸ ಕೊಡಿ.

ನಾನು ಎಲ್ಲರಿಗೂ ಹೇಳುವ ಒಂದು ಉದಾಹರಣೆ ಇದೆ. ಸ್ಪಿಟ್‌ಫೈರ್‌ಗೆ ಮೂಗಿನ ಭಾರ ಹೆಚ್ಚು. ಗಾಳಿ ಜೋರಾಗಿದ್ದಾಗ ಅಥವಾ ನೆಲ ಕುಲುಕುವಂತಿದ್ದಾಗ ಅದು ಮುಗ್ಗರಿಸಿ ಪ್ರೊಪೆಲ್ಲರ್ ನೆಲಕ್ಕೆ ಬಡಿಯುವ ಅಪಾಯವಿತ್ತು. ಹಾಗಾಗಿ ರನ್‌ವೇ ತಲುಪುವವರೆಗೆ ನೆಲದ ಸಿಬ್ಬಂದಿಯಲ್ಲಿ ಒಬ್ಬರು ಬಾಲದ ಮೇಲೆ ಕುಳಿತು ಭಾರ ಕೊಡುತ್ತಿದ್ದರು. 1945ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹಿಬಲ್ಡ್‌ಸ್ಟೋ ನೆಲೆಯಲ್ಲಿ ಹೀಗೆ ಕುಳಿತಿದ್ದ ಮಾರ್ಗರೆಟ್ ಹಾರ್ಟನ್ ಎಂಬ ಸಿಬ್ಬಂದಿ ಇಳಿಯುವ ಮೊದಲೇ ಪೈಲಟ್ ವಿಮಾನವನ್ನು ಮೇಲೇರಿಸಿಬಿಟ್ಟ. ಆಕೆ ಬಾಲವನ್ನು ಅಪ್ಪಿಕೊಂಡೇ ಒಂದು ಸುತ್ತು ಹಾರಿ ಸುರಕ್ಷಿತವಾಗಿ ಕೆಳಗಿಳಿದರು. ಎಬಿ910 ಎಂಬ ಆ ಸ್ಪಿಟ್‌ಫೈರ್ ಇಂದಿಗೂ ಉಳಿದಿದೆ.

ಈ ಕಥೆ ಕೇಳಿದವರೆಲ್ಲ ಹಾರುತ್ತಿರುವ ವಿಮಾನವನ್ನೇ ಮಾಡಲು ಹೊರಡುತ್ತಾರೆ. ನಾನಾದರೆ ಅದಕ್ಕೂ ಒಂದು ನಿಮಿಷ ಮುಂಚಿನದನ್ನು ಮಾಡುತ್ತೇನೆ: ಬಾಲದ ಮೇಲೆ ಮುದುಡಿ ಕುಳಿತ ಒಂದು ಜೀವ, ಹಿಂದಕ್ಕೆ ಬಾಗಿದ ಹುಲ್ಲು, ಹಿಂತಿರುಗಿ ನೋಡದ ಪೈಲಟ್. ಮೂರೇ ಸಂಗತಿಗಳಲ್ಲಿ ದೃಶ್ಯ ಮುಗಿಯಿತು.

ಇಂಥ ಕಥೆ ಹೇಳುವ ಚಾಳಿ ಹಬ್ಬಿಸಿದವರಲ್ಲಿ ಅಮೆರಿಕದ ಶೆಪರ್ಡ್ ಪೇನ್ ಮುಖ್ಯರು. 1970ರ ದಶಕದಲ್ಲಿ ಮೊನೋಗ್ರಾಮ್ ಕಂಪನಿ ತನ್ನ ಕಿಟ್‌ಗಳ ಜೊತೆ ಅವರ ಡಯೋರಾಮಾಗಳ ಚಿತ್ರ, ವಿವರಗಳಿರುವ ಹಾಳೆಗಳನ್ನು ಇಡುತ್ತಿತ್ತು. ಕಿಟ್‌ಗಿಂತ ಆ ಹಾಳೆಯನ್ನೇ ಹೆಚ್ಚು ಜೋಪಾನ ಮಾಡಿದವರಿದ್ದಾರೆ.

ತಳಹಲಗೆ ಎಷ್ಟು ದೊಡ್ಡದಿರಬೇಕು?

ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ವಾಯುನೆಲೆಗಳಲ್ಲಿ ವಿಮಾನ ನಿಲ್ಲಿಸುವ ದುಂಡನೆಯ ಕಾಂಕ್ರೀಟ್ ಕಟ್ಟೆಗಳು 150 ಅಡಿ ಅಗಲದವೂ ಇದ್ದವು. 1/48ರಲ್ಲಿ ಅದು 95 ಸೆಂ.ಮೀ. ಅಷ್ಟನ್ನೂ ಮಾಡಿದರೆ ಬರಿದಾದ ಕಾಂಕ್ರೀಟಿನ ನಡುವೆ ಒಂದು ವಿಮಾನ ಅನಾಥವಾಗಿ ನಿಂತಿರುತ್ತದೆ. ಕಟ್ಟೆಯ ಒಂದು ಅಂಚು, ಅದಕ್ಕೆ ತಾಗಿದ ಹುಲ್ಲು ಇಷ್ಟು ಸಾಕು, ಉಳಿದ ವೃತ್ತವನ್ನು ನೋಡುವವರ ಕಣ್ಣು ತಾನೇ ಎಳೆದುಕೊಳ್ಳುತ್ತದೆ.

ವಿಮಾನವನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ನಿಲ್ಲಿಸಬೇಡಿ, ಸ್ವಲ್ಪ ಓರೆಯಾಗಿಡಿ. ರೆಕ್ಕೆಯ ತುದಿ ಹಲಗೆಯಿಂದ ಹೊರಗೆ ಚಾಚಿದರೂ ತಪ್ಪಿಲ್ಲ. ಹಲಗೆ ಕತ್ತರಿಸುವ ಮೊದಲು ದಪ್ಪ ಕಾಗದದ ಮೇಲೆ ವಿಮಾನವನ್ನಿಟ್ಟು, ಗೊಂಬೆಗಳ ಜಾಗದಲ್ಲಿ ಬೆಂಕಿಕಡ್ಡಿಗಳನ್ನು ನಿಲ್ಲಿಸಿ ಎರಡು ದಿನ ಬಿಡಿ. ಅತ್ತಿಂದಿತ್ತ ಓಡಾಡುವಾಗ ಕಣ್ಣಿಗೆ ಬೀಳುತ್ತಿರಲಿ. ಬೇಡದ ಕಡ್ಡಿ ಯಾವುದೆಂದು ಎರಡನೇ ದಿನ ಗೊತ್ತಾಗುತ್ತದೆ.

ಸಿದ್ಧ ಗೊಂಬೆಗಳು ಸಿಗುವಾಗ ಕೈಯಲ್ಲಿ ತಿದ್ದುವ ಉಸಾಬರಿ ಏಕೆ?

ಸಿದ್ಧ ಗೊಂಬೆ ಯಾರದೋ ವಿಮಾನಕ್ಕಾಗಿ ನಿಂತಿರುತ್ತದೆ. ನಿಮ್ಮ ರೆಕ್ಕೆಗೆ ಒರಗಬೇಕಾದವನ ಮೊಣಕೈ ರೆಕ್ಕೆಗಿಂತ ಎರಡು ಮಿ.ಮೀ. ಮೇಲಿರುತ್ತದೆ, ಏಣಿ ಹತ್ತಬೇಕಾದವನ ಪಾದ ಮೆಟ್ಟಿಲಿಗೆ ಕೂರುವುದಿಲ್ಲ. ಕೈಯಲ್ಲಿ ತಿದ್ದಿದವನು ನಿಮ್ಮ ವಿಮಾನದ ಅಳತೆಗೇ ಹುಟ್ಟುತ್ತಾನೆ. ಮುಖ ಅಷ್ಟು ಚೆನ್ನಾಗಿ ಬರದಿದ್ದರೂ ಒರಗಿದವನು ನಿಜವಾಗಿ ಒರಗಿರುತ್ತಾನೆ, ನೋಡುವವರು ಮೊದಲು ಗಮನಿಸುವುದೂ ಅದನ್ನೇ.

ನಡುದಾರಿಯೂ ಇದೆ. ಸಿದ್ಧ ಗೊಂಬೆಯ ತಲೆ ಮತ್ತು ಕೈಗಳನ್ನು ತೆಗೆದುಕೊಂಡು ಮೈಯನ್ನು ಮಾತ್ರ ತಿದ್ದಿ. ಮೊದಲ ನಾಲ್ಕೈದು ಗೊಂಬೆಗಳಿಗೆ ನಾನು ಮಾಡಿದ್ದು ಹಾಗೆಯೇ.

ಎಪಾಕ್ಸಿ ಪುಟ್ಟಿಯೋ, ಪಾಲಿಮರ್ ಕ್ಲೇಯೋ?

ಈ ಅಳತೆಗೆ ಎಪಾಕ್ಸಿ ಪುಟ್ಟಿ. ಎರಡು ಭಾಗಗಳನ್ನು ಸಮನಾಗಿ ನಾದಿದರೆ ಸುಮಾರು ಒಂದು ಗಂಟೆ ಕೆಲಸಕ್ಕೆ ಒದಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಮಿಲಿಪುಟ್ ಎಂಬ ಬಗೆಯ ಪುಟ್ಟಿ ಮೂರ್ನಾಲ್ಕು ಗಂಟೆಯಲ್ಲಿ ಕಲ್ಲಾಗುತ್ತದೆ. ನೀರು ಮುಟ್ಟಿಸಿ ನುಣುಪು ಮಾಡಬಹುದು, ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಕೆತ್ತಬಹುದು, ಮರಳುಕಾಗದದಲ್ಲಿ ಉಜ್ಜಬಹುದು. ಗ್ರೀನ್ ಸ್ಟಫ್ ಎಂಬ ನೀಲಿ-ಹಳದಿ ಪುಟ್ಟಿ ಬೇರೆ ಜಾತಿಯದು. ಎಳೆದರೆ ಹರಿಯದೆ ಹಿಗ್ಗುತ್ತದೆ, ತೆಳುವಾದ ಪಟ್ಟಿಗೆ, ಬಟ್ಟೆಯ ಮಡಿಕೆಗೆ ಬಹಳ ಒಳ್ಳೆಯದು. ಗಟ್ಟಿಯಾದ ಮೇಲೂ ರಬ್ಬರಿನಂತೆ ಇರುವುದರಿಂದ ಉಜ್ಜಲು ಬರುವುದಿಲ್ಲ. ಎರಡನ್ನೂ ಅರ್ಧರ್ಧ ಬೆರೆಸಿದರೆ ಎರಡರ ಗುಣವೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ನಾನು ಬಳಸುವುದು ಆ ಮಿಶ್ರಣವನ್ನೇ. ಗ್ರೀನ್ ಸ್ಟಫ್ ಪಟ್ಟಿಯಲ್ಲಿ ನೀಲಿ-ಹಳದಿ ಒಂದಕ್ಕೊಂದು ತಾಗಿರುವ ನಡುವಿನ ಗೆರೆಯನ್ನು ಕತ್ತರಿಸಿ ಎಸೆಯಿರಿ. ಅದು ಆಗಲೇ ಗಟ್ಟಿಯಾಗಿರುತ್ತದೆ, ಬೆರೆಸಿದರೆ ಕೆನ್ನೆಯ ನಡುವೆ ಒಂದು ಹರಳು ಎದ್ದು ನಿಲ್ಲುತ್ತದೆ.

ಪಾಲಿಮರ್ ಕ್ಲೇ ಬಿಸಿ ಮಾಡುವವರೆಗೂ ಮೆತ್ತಗೇ ಇರುತ್ತದೆ, ಆತುರವಿಲ್ಲ. ದೊಡ್ಡ ಗೊಂಬೆಗೆ ಅದು ಸರಿ. ಆದರೆ ಬಗೆಯನ್ನು ನೋಡಿಕೊಂಡು ಅದನ್ನು 110ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬೇಕು. ಕಿಟ್‌ನ ಪಾಲಿಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ವಿಮಾನದ ಆಸನದಲ್ಲೇ ಕೂರಿಸಿ ತಿದ್ದಿದ ಪೈಲಟ್‌ನನ್ನು ಆಸನದ ಸಮೇತ ಒಲೆಗಿಟ್ಟರೆ ಆಸನವೇ ಕುಸಿಯುತ್ತದೆ. ಬೇಯಿಸದ ಕ್ಲೇಯಲ್ಲಿರುವ ಎಣ್ಣೆಯಂಥ ಪದಾರ್ಥವೂ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನನ್ನ ಒಂದು ಹಸಿ ಗೊಂಬೆ ರಾತ್ರಿಯಿಡೀ ರೆಕ್ಕೆಯ ಮೇಲೆ ಕುಳಿತಿತ್ತು. ಬೆಳಿಗ್ಗೆ ಎತ್ತಿದರೆ ಅದು ಕುಳಿತ ಗುರುತು ರೆಕ್ಕೆಯಲ್ಲಿ ಅಂಟಂಟಾಗಿ ಉಳಿದಿತ್ತು.

ಗೊಂಬೆಯನ್ನು ಎಲ್ಲಿಂದ ಶುರು ಮಾಡಬೇಕು?

ತಂತಿಯಿಂದ. 1/48ಕ್ಕೆ ಅರ್ಧ ಮಿ.ಮೀ. ದಪ್ಪದ ತಾಮ್ರದ ತಂತಿ ಸಾಕು. ಕಾಗದದ ಮೇಲೆ 36 ಮಿ.ಮೀ. ಎತ್ತರದ ಗೆರೆ ಎಳೆದು ಅದನ್ನು ಏಳೂವರೆ ಭಾಗ ಮಾಡಿ. ಒಂದು ಭಾಗ ಒಂದು ತಲೆ. ನಾಲ್ಕನೆಯ ತಲೆಯ ಹತ್ತಿರ ಕಾಲುಗಳು ಕವಲೊಡೆಯುತ್ತವೆ. ತೋಳು ಇಳಿಬಿಟ್ಟರೆ ಬೆರಳ ತುದಿ ತೊಡೆಯ ನಡುವಿಗೆ ಬರುತ್ತದೆ. ಈ ಚಿತ್ರದ ಮೇಲೆಯೇ ತಂತಿಯನ್ನು ಇಟ್ಟು ಬಗ್ಗಿಸಿ. ಪಾದದ ಕೆಳಗೆ ಒಂದು ಸೆಂಟಿಮೀಟರ್ ತಂತಿ ಹೆಚ್ಚಿಗೆ ಬಿಡಿ. ಕೆಲಸ ಮಾಡುವಾಗ ಹಿಡಿಯಲು ಅದೇ ಹಿಡಿ, ಕೊನೆಗೆ ನೆಲಕ್ಕೆ ನೆಡಲು ಅದೇ ಬೇರು.

ಭಂಗಿಯನ್ನು ತಂತಿಯಲ್ಲೇ ತೀರ್ಮಾನಿಸಬೇಕು, ಪುಟ್ಟಿಯಲ್ಲಲ್ಲ. ನೀವೇ ಎದ್ದು ಆ ಭಂಗಿಯಲ್ಲಿ ನಿಂತು ನೋಡಿ. ಮೈಭಾರ ಒಂದೇ ಕಾಲಿನ ಮೇಲೆ ಬಿದ್ದಾಗ ಆ ಕಡೆಯ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ, ತಲೆ ಭಾರ ಹೊತ್ತ ಪಾದದ ನೇರಕ್ಕೆ ಬರುತ್ತದೆ. ತಂತಿಯ ಮನುಷ್ಯನಲ್ಲಿ ಇಷ್ಟು ಬಂದರೆ ಅರ್ಧ ಕೆಲಸ ಆಯಿತು. ಬಾರದಿದ್ದರೆ ಮೇಲೆ ಎಷ್ಟು ಚೆಂದದ ಕೋಟು ತೊಡಿಸಿದರೂ ಅವನು ಗೂಟಕ್ಕೆ ಕಟ್ಟಿದವನಂತೆಯೇ ಇರುತ್ತಾನೆ. ಹೊಸಬರ ಗೊಂಬೆಗಳಲ್ಲಿ ಕಾಣುವ ದೋಷಗಳಲ್ಲಿ ಹತ್ತಕ್ಕೆ ಎಂಟು ಇಲ್ಲಿಯವೇ ಎಂದು ನನ್ನ ಅಂದಾಜು, ಮುಖದವಲ್ಲ.

ಆಮೇಲೆ ತಂತಿಯ ಮೇಲೆ ಪುಟ್ಟಿಯ ತೆಳು ಲೇಪ: ಎದೆಗೂಡು, ಸೊಂಟ, ತೊಡೆ, ಅಷ್ಟೇ. ಬಟ್ಟೆ ಬೇಡ, ಕೈ ಬೇಡ. ಈ ಹಂತದಲ್ಲಿ ಗೊಂಬೆ ಬಡಕಲಾಗಿರಬೇಕು, ಬಟ್ಟೆಯ ದಪ್ಪ ಇನ್ನೂ ಸೇರಬೇಕಿದೆ. ಒಂದು ರಾತ್ರಿ ಒಣಗಲು ಬಿಟ್ಟು ಮರುದಿನ ಪ್ಯಾಂಟು, ಅದು ಗಟ್ಟಿಯಾದ ಮೇಲೆ ಅಂಗಿ, ಆಮೇಲೆ ಕೊರಳಪಟ್ಟಿ, ಜೇಬು, ಬೆಲ್ಟು. ಒಂದು ಕೂರಿಕೆಗೆ ಒಂದೇ ಬಟ್ಟೆ. ಹಿಂದಿನದು ಗಟ್ಟಿಯಾಗಿದ್ದರೆ ಇಂದಿನ ತಪ್ಪನ್ನು ಕೆರೆದು ತೆಗೆಯಬಹುದು. ಎಲ್ಲವನ್ನೂ ಒಂದೇ ಸಂಜೆ ಮಾಡಲು ಹೋದರೆ ಜೇಬು ತಿದ್ದುವಾಗ ಹಿಡಿದ ಬೆರಳು ಬೆನ್ನನ್ನು ಚಪ್ಪಟೆ ಮಾಡುತ್ತದೆ.

ಬಟ್ಟೆಯ ಮಡಿಕೆ ಎಲ್ಲಿ ಬರಬೇಕೆಂದು ಹೇಗೆ ತಿಳಿಯುವುದು?

ಬಟ್ಟೆ ಎಲ್ಲಿಂದ ಜೋತುಬಿದ್ದಿದೆ, ಎಲ್ಲಿ ಎಳೆತಕ್ಕೆ ಸಿಕ್ಕಿದೆ ಎಂದು ಕೇಳಿಕೊಳ್ಳಿ. ಎತ್ತಿದ ತೋಳಿನ ಅಂಗಿಯ ಮಡಿಕೆಗಳೆಲ್ಲ ಕಂಕುಳಿನಿಂದ ಬೀಸಣಿಗೆಯಂತೆ ಹರಡುತ್ತವೆ. ಮಡಿಸಿದ ಮೊಣಕಾಲಿನ ಮುಂದೆ ಬಟ್ಟೆ ಬಿಗಿ, ಹಿಂದೆ ಸುರುಳಿ. ಬೂಟಿನ ಮೇಲೆ ಪ್ಯಾಂಟು ಕುಸಿದು ಕೂರುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಅಂಗಿಯನ್ನೇ ನೋಡಿ, ಆದರೆ ಕಂಡದ್ದನ್ನೆಲ್ಲ ಮಾಡಬೇಡಿ. ಈ ಅಳತೆಯಲ್ಲಿ ಹತ್ತು ಮಡಿಕೆಗಳಲ್ಲಿ ಮೂರನ್ನು ಆರಿಸಿ, ಅವನ್ನು ನಿಜಕ್ಕಿಂತ ಸ್ವಲ್ಪ ಆಳ ಮಾಡಿ.

ಉಪಕರಣ ಹೆಚ್ಚೇನೂ ಬೇಡ. ಮೊಂಡಾದ ಸೂಜಿಯನ್ನು ಹಿಡಿಯೊಂದಕ್ಕೆ ಸಿಕ್ಕಿಸಿದ್ದು, ದಂತವೈದ್ಯರು ಬಳಸುವಂಥ ಚಿಕ್ಕ ಚಮಚದ ತುದಿಯ ಕಡ್ಡಿ, ರಬ್ಬರ್ ತುದಿಯ ಒಂದು ಕುಂಚ. ತುದಿಗೆ ನೀರೋ, ಎಳ್ಳಷ್ಟು ವ್ಯಾಸಲೀನೋ ಸವರಿದ್ದರೆ ಪುಟ್ಟಿ ಅಂಟಿಕೊಂಡು ಏಳುವುದಿಲ್ಲ. ವ್ಯಾಸಲೀನ್ ಬಳಸಿದ್ದರೆ ಮುಂದಿನ ಪದರಕ್ಕೆ ಮೊದಲು ತೊಳೆಯಬೇಕು.

ಮುಖ ಎಷ್ಟು ಮಾಡಿದರೂ ಕೋತಿಯಂತೆ ಬರುತ್ತದೆ. ಏನು ಮಾಡಲಿ?

1/48ರಲ್ಲಿ ತಲೆಯ ಎತ್ತರ ಐದು ಮಿ.ಮೀ.ಗಿಂತ ಕಡಿಮೆ, ಒಂದು ಕಣ್ಣಿನ ಅಗಲ ಸುಮಾರು 0.6 ಮಿ.ಮೀ. ಇಲ್ಲಿ ಕಣ್ಣು ತಿದ್ದಲು ಹೋಗುವುದೇ ಮೊದಲ ತಪ್ಪು. ಕಣ್ಣಿನ ಗುಳಿ ಮಾಡಿ, ಕಣ್ಣನ್ನು ಬಿಡಿ.

ಗಟ್ಟಿಯಾದ ಚಿಕ್ಕ ಗುಂಡಿನ ಮೇಲೆ ಹೊಸ ಪುಟ್ಟಿಯ ತೆಳುಪೊರೆ ಹಾಕಿ. ಎತ್ತರದ ಸರಿ ಮಧ್ಯದಲ್ಲಿ ಸೂಜಿಯ ಬೆನ್ನಿನಿಂದ ಅಡ್ಡಲಾಗಿ ಒತ್ತಿದರೆ ಹುಬ್ಬಿನ ಕೆಳಗಿನ ತಗ್ಗು ಬರುತ್ತದೆ. ಎಲ್ಲರೂ ಕಣ್ಣನ್ನು ಹಣೆಯ ಹತ್ತಿರಕ್ಕೆ ಏರಿಸುತ್ತಾರೆ, ಕೋತಿಮುಖ ಹುಟ್ಟುವುದು ಅಲ್ಲಿ. ಕಣ್ಣು ತಲೆಯ ಅರ್ಧದಲ್ಲಿದೆ ಎಂಬುದನ್ನು ನಂಬಲು ಮನಸ್ಸು ಒಪ್ಪುವುದಿಲ್ಲ, ಅಳೆದೇ ಒಪ್ಪಿಸಬೇಕು. ಮೂಗಿಗೆ ಬೇರೆಯಾಗಿ ಒಂದು ಬೆಣೆಯಂಥ ಚೂರು ಇಟ್ಟು ಬದಿಗಳನ್ನು ಕೆನ್ನೆಗೆ ಸವರಿ. ಬಾಯಿಗೆ ಒಂದು ಗೆರೆ, ಕೆಳತುಟಿಯ ಕೆಳಗೆ ಒಂದು ಒತ್ತು. ಟೋಪಿ ಹಾಕಿದರೆ ಹಣೆ, ಕೂದಲು ಎರಡರ ಕಷ್ಟವೂ ತಪ್ಪಿತು. ಕಿವಿ ದವಡೆಯ ಹಿಂದಿರಲಿ, ಮೇಲಲ್ಲ.

ಮೂರು ತಲೆಗಳನ್ನು ಒಟ್ಟಿಗೆ ಮಾಡಿ. ಒಂದು ಕೆಡುತ್ತದೆ, ಒಂದು ಪರವಾಗಿಲ್ಲ ಎನಿಸುತ್ತದೆ, ಒಂದು ಹೇಗೋ ಯಾರನ್ನೋ ಹೋಲುತ್ತದೆ. ಆ ಮೂರನೆಯದನ್ನು ನೋಡುವವರ ಕಡೆಗೆ ತಿರುಗಿಸಿ.

ಬೆರಳುಗಳು?

ಕೈ ಏನನ್ನಾದರೂ ಹಿಡಿದಿರಲಿ ಅಥವಾ ಜೇಬಿನಲ್ಲಿರಲಿ. ಬಿಚ್ಚಿದ ಅಂಗೈ ಮಾಡಲೇಬೇಕಿದ್ದರೆ ನಾಲ್ಕು ಬೆರಳುಗಳನ್ನು ಒಂದೇ ತಟ್ಟೆಯಾಗಿ ಮಾಡಿ, ಅರೆ ಗಟ್ಟಿಯಾದಾಗ ಬ್ಲೇಡಿನಿಂದ ಮೂರು ಗೆರೆ ಎಳೆಯಿರಿ, ಹೆಬ್ಬೆರಳನ್ನು ಬೇರೆ ಅಂಟಿಸಿ. ಪೂರ್ತಿ ಕೈ ಅಂದಾಜು ನಾಲ್ಕು ಮಿ.ಮೀ. ಉದ್ದ, ಗಲ್ಲದಿಂದ ಹಣೆಯ ಮೇಲ್ಗಡೆಯವರೆಗಿನಷ್ಟು. ಹೊಸಬರ ಗೊಂಬೆಗಳ ಕೈಗಳು ಇದಕ್ಕಿಂತ ದೊಡ್ಡವಾಗಿಯೇ ಇರುತ್ತವೆ.

ಗೊಂಬೆಗೆ ಬಣ್ಣ ಹಚ್ಚುವುದು ಹೇಗೆ?

ಮೊದಲು ಕಪ್ಪು ಪ್ರೈಮರ್, ಅದು ಒಣಗಿದ ಮೇಲೆ ನೆತ್ತಿಯ ನೇರದಿಂದ ಮಾತ್ರ ಬಿಳಿ ಸಿಂಪಡಣೆ. ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿದೆ ಎಂದು ಗೊಂಬೆಯೇ ತೋರಿಸುತ್ತದೆ. ಇಷ್ಟು ಚಿಕ್ಕ ಮೈಯ ಮೇಲೆ ಕೋಣೆಯ ಬೆಳಕಿನಿಂದ ಬೀಳುವ ನೆರಳು ಸಾಲದು, ಬಣ್ಣದಲ್ಲೇ ಹಚ್ಚಬೇಕು. ಬಟ್ಟೆಗೆ ಅಕ್ರಿಲಿಕ್, ಚರ್ಮಕ್ಕೆ ತೈಲವರ್ಣ ನನ್ನ ಆಯ್ಕೆ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಕೆನ್ನೆಯ ಕೆಂಪನ್ನು ಒಣ ಕುಂಚದಿಂದ ಮೆಲ್ಲಗೆ ಬೆರೆಸಬಹುದು. ಕಣ್ಣಿಗೆ ಬಿಳಿ ಹಚ್ಚಬೇಡಿ, ಬೆಚ್ಚಿಬಿದ್ದವನಂತೆ ಕಾಣುತ್ತಾನೆ. ಗುಳಿಯಲ್ಲಿ ಕಡುಗಂದಿನ ಒಂದು ಗೆರೆ ಸಾಕು. ಅಚ್ಚ ಕಪ್ಪು, ಅಚ್ಚ ಬಿಳಿ ಎರಡೂ ಈ ಅಳತೆಯಲ್ಲಿ ಕಣ್ಣಿಗೆ ಹೊಡೆಯುತ್ತವೆ. ಬೂಟಿನ ಕಪ್ಪಿಗೂ ಸ್ವಲ್ಪ ಕಂದು ಬೆರೆಸಿ.

ಡಯೋರಾಮಾಕ್ಕಾಗಿ ವಿಮಾನದಲ್ಲಿ ಏನಾದರೂ ಬದಲಾಯಿಸಬೇಕೇ?

ಬದಲಾಯಿಸಬೇಕು, ಮೊದಲು ಟೈರ್. ಕಿಟ್‌ನ ಟೈರ್ ಗುಂಡಾಗಿರುತ್ತದೆ, ನೆಲಕ್ಕೆ ಒಂದು ಚುಕ್ಕೆಯಲ್ಲಿ ಮಾತ್ರ ತಾಗುತ್ತದೆ. ಟನ್ನುಗಟ್ಟಲೆ ತೂಕದ ಯಂತ್ರ ಹಾಗೆ ನಿಲ್ಲುವುದಿಲ್ಲ. ಅಡಿಭಾಗವನ್ನು ಸ್ವಲ್ಪ ಚಪ್ಪಟೆಯಾಗಿ ಉಜ್ಜಿ, ಬದಿಗೆ ತುಸು ಉಬ್ಬು ಕೊಡಿ. ತುಸು ಎಂದರೆ ತುಸುವೇ, ಪಂಕ್ಚರ್ ಆದಂತೆ ಕಾಣಬಾರದು.

ಇನ್ನು ಚಲಿಸುವ ಭಾಗಗಳು. ಪೈಲಟ್ ಇಳಿದುಹೋದ ಸ್ಪಿಟ್‌ಫೈರ್‌ನ ಬಾಲದ ಎಲಿವೇಟರ್‌ಗಳು, ಎಂದರೆ ಮೂಗನ್ನು ಏರಿಸಿ ಇಳಿಸುವ ಪಟ್ಟಿಗಳು, ಸಾಮಾನ್ಯವಾಗಿ ತಮ್ಮ ಭಾರಕ್ಕೆ ಕೆಳಗೆ ಜೋತಿರುತ್ತವೆ. ಕಿಟ್‌ನಲ್ಲಿ ನೆಟ್ಟಗೆ ಬಂದಿರುವುದನ್ನು ಕತ್ತರಿಸಿ ಇಳಿಸಿ ಅಂಟಿಸಿ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಮಾತ್ರ ಇಳಿಸಬೇಡಿ. ಸ್ಪಿಟ್‌ಫೈರ್‌ನ ಫ್ಲ್ಯಾಪ್‌ಗೆ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಎಂಬ ಎರಡೇ ಸ್ಥಿತಿ, ವಿಮಾನ ನೆಲಕ್ಕಿಳಿದ ಕೂಡಲೇ ಪೈಲಟ್ ಅದನ್ನು ಮೇಲೆತ್ತುತ್ತಿದ್ದ. ಅಮೆರಿಕದ ಯುದ್ಧವಿಮಾನ ಪಿ-51 ಮಸ್ಟಾಂಗ್‌ನದು ಇದಕ್ಕೆ ತಿರುಗುಮುರುಗು. ಎಂಜಿನ್ ನಿಂತು ಹೈಡ್ರಾಲಿಕ್ ಒತ್ತಡ ಇಳಿಯುತ್ತಿದ್ದಂತೆ ಫ್ಲ್ಯಾಪ್‌ಗಳೂ ಚಕ್ರದ ಒಳಬಾಗಿಲುಗಳೂ ತಾವಾಗಿ ಜೋಲುತ್ತವೆ. ಹೀಗಾಗಿ ಬಾಗಿಲು ಮುಚ್ಚಿದ ಮಸ್ಟಾಂಗ್ ಈಗಷ್ಟೇ ನಿಂತದ್ದು, ಜೋತ ಮಸ್ಟಾಂಗ್ ನಿಂತು ಬಹಳ ಹೊತ್ತಾದದ್ದು. ಪಕ್ಕದ ಗೊಂಬೆ ಓಡುತ್ತಿದ್ದಾನೋ ಒರಗಿದ್ದಾನೋ ಎಂಬುದು ಇದಕ್ಕೆ ಹೊಂದಬೇಕು.

ಕಾಕ್‌ಪಿಟ್‌ನ ಗಾಜನ್ನು ಸೂಪರ್ ಗ್ಲೂನಲ್ಲಿ ಅಂಟಿಸಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಮರಗೆಲಸದ ಬಿಳಿ ಅಂಟು ಸಾಕು.

ನೆಲವನ್ನು ಯಾವುದರಿಂದ ಕಟ್ಟಲಿ?

ಮರದ ಹಲಗೆಯ ಮೇಲೆ ಗಟ್ಟಿ ಫೋಮ್, ಅದರ ಮೇಲೆ ಪ್ಲಾಸ್ಟರ್ ಅಥವಾ ಕಾಗದದ ತಿರುಳಿನ ಲೇಪ, ಅದರ ಮೇಲೆ ಜರಡಿ ಹಿಡಿದ ನಿಜವಾದ ಮಣ್ಣು. ಫೋಮ್‌ಗೆ ಸ್ಪ್ರೇ ಡಬ್ಬಿಯ ಬಣ್ಣವನ್ನಾಗಲಿ ಸೂಪರ್ ಗ್ಲೂವನ್ನಾಗಲಿ ನೇರವಾಗಿ ತಾಗಿಸಬೇಡಿ, ಕರಗಿ ಹೊಂಡ ಬೀಳುತ್ತದೆ. ನೀರು ಬೆರೆಸಿದ ಬಿಳಿ ಅಂಟೇ ಸರಿ. ಮಣ್ಣನ್ನು ಮೊದಲು ಒಲೆಯಲ್ಲಿ ಚೆನ್ನಾಗಿ ಕಾಯಿಸಿ, ಹುಳುಹುಪ್ಪಟೆ ಉಳಿಯಬಾರದು. ಅಂಟು ತಾಗಿದ ಮಣ್ಣು ಒಣಗಿದ ಮೇಲೂ ಕಡು ಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಕೊನೆಗೆ ತೆಳುವಾಗಿ ಮೇಲ್ಬಣ್ಣ ಹಾಕಲೇಬೇಕು.

ಲೇಪ ಹಸಿಯಿರುವಾಗ ವಿಮಾನದ ಚಕ್ರಗಳಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ನಿಲ್ಲುವ ಜಾಗದಲ್ಲಿ ಮೆಲ್ಲಗೆ ಒತ್ತಿ ತೆಗೆಯಿರಿ. ಗೊಂಬೆಯ ಬೂಟಿಗೂ ಹಾಗೆಯೇ. ನಾಳೆ ಅವು ನಿಲ್ಲುವುದು ತಮ್ಮದೇ ಅಚ್ಚಿನಲ್ಲಿ.

ಹುಲ್ಲಿನ ಎತ್ತರದಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. ಹುಲ್ಲಾಗಿ ಅಂಟಿಸುವ 6 ಮಿ.ಮೀ. ನಾರು 1/48ರಲ್ಲಿ 29 ಸೆಂ.ಮೀ. ಹುಲ್ಲು, ಮೊಣಕಾಲಿನ ಅರ್ಧ ಎತ್ತರಕ್ಕೂ ಮೇಲೆ ಬರುತ್ತದೆ. ವಿಮಾನ ಓಡಾಡುವ ಕಡೆ 2 ಮಿ.ಮೀ. ಸಾಕು, ಅದೇ ಹತ್ತು ಸೆಂ.ಮೀ.ನಷ್ಟಾಯಿತು. ಉದ್ದದ ನಾರನ್ನು ಯಾರೂ ಕಾಲಿಡದ ಮೂಲೆಗೆ, ಡ್ರಮ್ಮಿನ ಬುಡಕ್ಕೆ ಇಟ್ಟುಕೊಳ್ಳಿ. ಸ್ಥಾಯಿ ವಿದ್ಯುತ್ತಿನ ಉಪಕರಣದಿಂದ ಉದುರಿಸಿದರೆ ನಾರು ನೆಟ್ಟಗೆ ನಿಲ್ಲುತ್ತದೆ. ಒಂದೇ ಹಸಿರನ್ನು ಬಳಸದೆ ಮೂರು ಬಣ್ಣ ಬೆರೆಸಿ, ಒಣಹುಲ್ಲಿನ ಹಳದಿ ಅದರಲ್ಲಿ ಒಂದಾಗಿರಲಿ. ಜನ ನಡೆದಾಡುವ ದಾರಿಯಲ್ಲಿ ಹುಲ್ಲು ಬೇಡ. ಸವೆದ ಕಾಲುದಾರಿಯೊಂದು ಅಲ್ಲಿಲ್ಲದ ಐವತ್ತು ಜನರನ್ನು ಹೇಳುತ್ತದೆ, ಅವರನ್ನು ತಿದ್ದುವ ಶ್ರಮವೂ ಇಲ್ಲ.

ರಂಧ್ರಗಳಿರುವ ಉಕ್ಕಿನ ಹಾಸನ್ನು ಮಾಡಬಹುದೇ?

ಮಾಡಬಹುದು, ತಾಳ್ಮೆ ಇದ್ದರೆ. 1941ರಲ್ಲಿ ಅಮೆರಿಕದ ಮಾರ್ಸ್ಟನ್ ಎಂಬ ಊರಿನ ಬಳಿ ಮೊದಲು ಪರೀಕ್ಷಿಸಿದ, ತಾತ್ಕಾಲಿಕ ರನ್‌ವೇಗೆ ಹಾಸುವ ಹಲಗೆಗಳಿವು, ಮಾರ್ಸ್ಟನ್ ಮ್ಯಾಟ್ ಎಂಬ ಹೆಸರೂ ಅಲ್ಲಿಂದಲೇ ಬಂತು. ಒಂದು ಹಲಗೆ 10 ಅಡಿ ಉದ್ದ, 15 ಅಂಗುಲ ಅಗಲ, ಮೂರು ಸಾಲಿನಲ್ಲಿ 87 ರಂಧ್ರ, ತೂಕ ಸುಮಾರು 30 ಕಿಲೋ. 1/48ರಲ್ಲಿ ಅದು 63.5 ಮಿ.ಮೀ. ಉದ್ದ, 8 ಮಿ.ಮೀ. ಅಗಲ. ಇಟ್ಟಿಗೆ ಗೋಡೆಯಂತೆ ಕೀಲುಗಳು ಒಂದರ ಪಕ್ಕ ಒಂದು ಬಾರದಂತೆ ಜೋಡಿಸಬೇಕು. ಸಿದ್ಧ ಹಾಳೆ ಬಳಸಿದರೂ ಸಮತಟ್ಟಾಗಿ ಅಂಟಿಸಬೇಡಿ. ವಿಮಾನದ ಭಾರಕ್ಕೆ ಅಲ್ಲಲ್ಲಿ ತಗ್ಗಾಗಿ, ರಂಧ್ರಗಳಲ್ಲಿ ಮಣ್ಣು ಮೇಲೆದ್ದು, ಅಂಚಿನಲ್ಲಿ ಒಂದು ಹಲಗೆ ಬಾಗಿರಲಿ.

ನೀರು ನಿಂತ ಗುಂಡಿ?

ಪಾರದರ್ಶಕ ಎಪಾಕ್ಸಿಯನ್ನು ಒಂದೊಂದೇ ತೆಳು ಪದರವಾಗಿ ಸುರಿಯಿರಿ. ಗುಂಡಿಯ ತಳಕ್ಕೆ ಮೊದಲೇ ಕಡು ಕಂದು ಹಚ್ಚಿರಬೇಕು. ಅಂಚಿನ ಮಣ್ಣೂ ತೇವಗೊಂಡಂತೆ ಕಪ್ಪಾಗಿರಲಿ. ಅದಿಲ್ಲದಿದ್ದರೆ ನೆಲದ ಮೇಲೆ ಗಾಜಿನ ಚೂರು ಬಿದ್ದಂತಿರುತ್ತದೆ.

ಎಲ್ಲ ಸರಿಯಿದ್ದೂ ವಿಮಾನ, ಗೊಂಬೆ, ನೆಲ ಬೇರೆ ಬೇರೆಯಾಗಿ ಕಾಣುತ್ತವೆ. ಏಕೆ?

ಮೂರೂ ಒಂದೇ ಕೆಸರನ್ನು ತುಳಿದಿಲ್ಲ. ನೆಲಕ್ಕೆ ಬಳಸಿದ ಮಣ್ಣಿನ ಬಣ್ಣವನ್ನೇ ತೆಳುಮಾಡಿ ಟೈರಿಗೆ, ಬೂಟಿಗೆ, ಪ್ಯಾಂಟಿನ ಅಂಚಿಗೆ, ಮೆಕ್ಯಾನಿಕ್ ಹತ್ತಿದ ರೆಕ್ಕೆಯ ಬುಡಕ್ಕೆ ಹಚ್ಚಿ. ಎಂಜಿನ್ನಿನಿಂದ ಎಣ್ಣೆ ಸೋರಿದ ಗೆರೆಯನ್ನು ವಿಮಾನದ ಹೊಟ್ಟೆಯಲ್ಲಿ ಬಿಡಿಸಿದ್ದರೆ ಅದರ ನೇರ ಕೆಳಗೆ ಕಾಂಕ್ರೀಟಿನ ಮೇಲೂ ನಾಲ್ಕು ಹನಿ ಇರಬೇಕು. ಮಳೆಯ ಗುಂಡಿ ಮಾಡಿ ರೆಕ್ಕೆಯ ಮೇಲೆ ಒಣ ಧೂಳು ಕೂರಿಸಿದವರನ್ನು ಕಂಡಿದ್ದೇನೆ. ಒಮ್ಮೆ ನಾನೇ ಹಾಗೆ ಮಾಡಿ, ಬೇರೆಯವರು ತೋರಿಸುವವರೆಗೂ ಗಮನಿಸಿರಲಿಲ್ಲ.

ನೋಟವೂ ಕೂಡಬೇಕು. ಗೊಂಬೆಯ ಮೂಗಿನ ನೇರಕ್ಕೆ ಒಂದು ದಾರ ಹಿಡಿದು ನೋಡಿ. ಎಂಜಿನ್ ನೋಡುತ್ತಿರಬೇಕಾದವನ ದಾರ ಹಲವು ಸಲ ಖಾಲಿ ಹುಲ್ಲಿಗೆ ಹೋಗಿ ಮುಟ್ಟುತ್ತದೆ.

ಆರೋಗ್ಯಕ್ಕೆ ಅಪಾಯವಿದೆಯೇ?

ಎಚ್ಚರವಿದ್ದರೆ ಹೆಚ್ಚೇನಿಲ್ಲ. ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು, ಹುಟ್ಟಿದರೆ ಹೋಗುವುದು ಕಷ್ಟ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಗಟ್ಟಿಯಾದದ್ದನ್ನು ನೀರು ಹಾಕಿ ಉಜ್ಜಿ, ಒಣ ಧೂಳು ಉಸಿರಿಗೆ ಹೋಗದಿರಲಿ. ಪಾಲಿಮರ್ ಕ್ಲೇಯನ್ನು ಹೇಳಿದ ಬಿಸಿಗಿಂತ ಹೆಚ್ಚು ಕಾಯಿಸಿದರೆ ಸುಟ್ಟು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅಡುಗೆಗೆ ಬಳಸದ ಒಲೆಯೊಂದನ್ನು ಇದಕ್ಕೇ ಇಟ್ಟುಕೊಳ್ಳಿ. ಬಣ್ಣ ಸಿಂಪಡಿಸುವಾಗ ಕಿಟಕಿ ತೆರೆದಿರಲಿ, ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ.

ಧೂಳು, ಸಾಗಣೆ?

ಮೊದಲ ದಿನವೇ ಅಕ್ರಿಲಿಕ್ ಪೆಟ್ಟಿಗೆಯ ಅಳತೆ ತೆಗೆದುಕೊಂಡು ಹಲಗೆ ಕತ್ತರಿಸಿ. ಹುಲ್ಲಿನೊಳಗೆ ಕುಳಿತ ಧೂಳನ್ನು ತೆಗೆಯುವ ವಿದ್ಯೆ ನನಗೆ ಸಿದ್ಧಿಸಿಲ್ಲ. ವಿಮಾನದ ಚಕ್ರಗಳ ಅಡಿಯಲ್ಲಿ ತೂತು ಕೊರೆದು ಹಿತ್ತಾಳೆ ತಂತಿ ತೂರಿಸಿ ಹಲಗೆಗೆ ನೆಡಿ. ಅಂಟು ಒಂದನ್ನೇ ನಂಬಿದರೆ ದಾರಿಯಲ್ಲಿ ಮೊದಲ ಕುಲುಕಿಗೆ ಕಳಚುತ್ತದೆ. ನೇರ ಬಿಸಿಲು ಬೀಳುವ ಕಡೆ ಇಡಬೇಡಿ.

ಮುಗಿಯಿತು ಎಂದು ಯಾವಾಗ ತಿಳಿಯುವುದು?

ಮೊಬೈಲ್ ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಲೆನ್ಸ್ ಹಲಗೆಯಿಂದ ಸುಮಾರು 3.4 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಹಿಡಿಯಿರಿ. 1/48ರಲ್ಲಿ ನಿಂತ ಮನುಷ್ಯನ ಕಣ್ಣಿನ ಎತ್ತರ ಅಷ್ಟೇ. ಅಲ್ಲಿಂದ ನಾಲ್ಕೂ ದಿಕ್ಕಿನ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮೇಲಿನಿಂದ ನೋಡುವಾಗ ಕಾಣದ ರೆಕ್ಕೆಯ ಅಡಿಯ ಅಂಟಿನ ಬೆರಳಚ್ಚು, ಕಾಂಕ್ರೀಟಿಗೆ ಹಾರಿಬಿದ್ದ ಹುಲ್ಲಿನ ನಾರು ಎಲ್ಲವೂ ಎದುರಿಗೆ ಬರುತ್ತವೆ. ಬೂಟಿನ ಹಿಮ್ಮಡಿಯ ಕೆಳಗೆ ಕೂದಲೆಳೆಯಷ್ಟು ಬೆಳಕು ತೂರಿಬರುತ್ತಿದೆಯೇ ಎಂದು ವಿಶೇಷವಾಗಿ ಹುಡುಕಿ. ನನಗೆ ಪ್ರತಿ ಸಲವೂ ಒಂದಾದರೂ ಸಿಕ್ಕಿದೆ. ತೆಳು ಅಂಟಿನಲ್ಲಿ ಕಲಸಿದ ಮಣ್ಣನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು ಆ ಸಂದಿಗೆ ತುಂಬಿ, ಒಣಗಿದ ಮೇಲೆ ಮತ್ತೆ ಅದೇ ಎತ್ತರದಿಂದ ಫೋಟೊ ತೆಗೆಯಿರಿ.